ಬಾಣಂತಿಯ ಸಾವಿಗೆ ಹಣೆಬರಹ ಹೊಣೆಯಲ್ಲ

ಬಾಣಂತಿಯೊಬ್ಬಳು ತೀರಿಕೊಂಡಳೆಂಬ ಸುದ್ದಿ ಬಂದಾಗ ನಮ್ಮಲ್ಲಿ ಮೂರು ಮಾತುಗಳು ಹೊರಡುತ್ತವೆ. ಮನೆಯ ಹಿರಿಯರು, "ಅವಳ ಹಣೆಯಲ್ಲಿ ಬರೆದದ್ದೇ ಅಷ್ಟು" ಎನ್ನುತ್ತಾರೆ. ಆಸ್ಪತ್ರೆಯವರು, "ತಡಮಾಡಿ ತಂದಿರಿ" ಎನ್ನುತ್ತಾರೆ. ಮಂತ್ರಿಮಹಾಶಯರು, "ತನಿಖೆಗೆ ಆಜ್ಞೆಯಾಗಿದೆ" ಎನ್ನುತ್ತಾರೆ. ಮೂರು ಮಾತಿಗೂ ಅರ್ಥ ಒಂದೇ: ಹೊಣೆ ನಮ್ಮದಲ್ಲ. ಹೆಣ ಹೊತ್ತವರು ಮಣ್ಣು ಮಾಡಿ ಬರುತ್ತಾರೆ, ಎಳೆಯ ಕೂಸನ್ನು ಅಜ್ಜಿ ಎತ್ತಿಕೊಳ್ಳುತ್ತಾಳೆ, ತಿಂಗಳು ಕಳೆಯುವುದರೊಳಗೆ ಊರು ಮರೆಯುತ್ತದೆ. ಈ ಮರೆವನ್ನು ಕದಲಿಸಲೆಂದೇ ನಾವು ಇಂದು ಲೇಖನಿ ಹಿಡಿದಿದ್ದೇವೆ.

ಪರರ ತಪ್ಪನ್ನು ಎಣಿಸುವ ಮೊದಲು ನಮ್ಮ ತಪ್ಪನ್ನು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಅಕ್ಕಿ ಗಿರಣಿಯ ಹಮಾಲರ ಕೇರಿಗೆ ಸಂಘದ ಕೆಲಸದ ಮೇಲೆ ಹೋಗಿದ್ದೆವು. ಒಬ್ಬ ಹಮಾಲ ಮುಂಗಡ ಕೂಲಿಗೆ ಅರ್ಜಿ ಬರೆದುಕೊಡಬೇಕೆಂದು ಕೇಳಿದ. ಅವನ ಹೆಂಡತಿ ಹೆತ್ತು ಮೂರು ದಿನವಾಗಿದ್ದಿತು. ಹೆರಿಗೆಯಾದ ಮರುದಿನವೇ ಹಾಸಿಗೆ ಸಾಲದೆಂದು ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದರು. ನಾವು ಪಡಸಾಲೆಯಲ್ಲಿ ಕುಳಿತು ಅರ್ಜಿ ಬರೆಯುತ್ತಿರುವಾಗ ಒಳಗಿನಿಂದ ಮಾತು ಕೇಳಿಸಿತು: ಬೆಳಗಿನಿಂದ ಬಟ್ಟೆಯ ಮೇಲೆ ಬಟ್ಟೆ ಬದಲಾಯಿಸುತ್ತಿದ್ದಾಳೆ, ಕಣ್ಣು ಕತ್ತಲೆ ಬರುತ್ತದೆ ಎನ್ನುತ್ತಾಳೆ. ಏನಾಗಿದೆ ಎಂದು ಕೇಳಿದೆವು. ಅತ್ತೆ ಬಾಗಿಲಿಗೆ ಬಂದು, "ಏನಿಲ್ಲ ಮೇಷ್ಟ್ರೇ, ಕೆಟ್ಟ ರಕ್ತ ಹೋಗ್ತಾ ಇದೆ, ಹೋದಷ್ಟೂ ಒಳ್ಳೇದು. ಹೆಣ್ಣುಮಕ್ಕಳ ಮಾತು, ನೀವು ಅರ್ಜಿ ಬರೀರಿ" ಎಂದಳು. ನಾವು ಅರ್ಜಿ ಬರೆದೆವು. ಸಂಜೆ ಆಟೋದಲ್ಲಿ ದೊಡ್ಡಾಸ್ಪತ್ರೆಗೆ ಒಯ್ಯುವಾಗ ದಾರಿಯಲ್ಲೇ ಆಕೆಯ ಪ್ರಾಣ ಹೋಯಿತು. ಗರ್ಭದಲ್ಲಿ ಮಾಸಿನ ಚೂರು ಉಳಿದಿರಬೇಕೆಂದು ಆಮೇಲೆ ಡಾಕ್ಟರು ಹೇಳಿದರು.

ಶಾಲೆಯಲ್ಲಿ ನಾವು ಮಕ್ಕಳಿಗೆ ರಕ್ತಪರಿಚಲನೆಯ ಪಾಠ ಹೇಳಿದವರು. ಮನುಷ್ಯನ ಮೈಯಲ್ಲಿ ಎಷ್ಟು ರಕ್ತವಿದೆಯೆಂದು ಕಪ್ಪು ಹಲಗೆಯ ಮೇಲೆ ಬರೆದವರು. ಒಂದು ಗೋಡೆಯ ಆಚೆ ಅದೇ ರಕ್ತ ಹರಿದು ಹೋಗುತ್ತಿರುವಾಗ "ಹೆಣ್ಣುಮಕ್ಕಳ ಮಾತು" ಎಂಬ ಎರಡು ಶಬ್ದಕ್ಕೆ ಬಾಯಿ ಮುಚ್ಚಿ ಕುಳಿತೆವು. ಆ ಅತ್ತೆ ದುಷ್ಟಳಲ್ಲ. ಅವಳಿಗೆ ಯಾರೂ ಹೇಳಿರಲಿಲ್ಲ. ನಮಗೆ ಗೊತ್ತಿತ್ತು, ಆದರೂ ಹೇಳಲಿಲ್ಲ. ಇಬ್ಬರಲ್ಲಿ ಹೆಚ್ಚಿನ ತಪ್ಪು ಯಾರದು?

ಗಿರಣಿಯ ಅಣ್ಣಂದಿರೇ, ಅಂಗಡಿಯ ಬಂಧುಗಳೇ, ಇದು ಗಂಡಸರು ಓದುವ ಪತ್ರಿಕೆ, ಇದರಲ್ಲಿ ಬಾಣಂತನದ ಮಾತೇಕೆ ಎಂದು ಪುಟ ತಿರುಗಿಸಬೇಡಿ. ವಾಹನ ಕರೆಯುವವರು ನೀವು, ಹಣ ತರುವವರು ನೀವು, "ನಾಳೆ ನೋಡೋಣ" ಎನ್ನುವವರೂ ನೀವೇ. ಸಾವು ಆ ನಾಳೆಯೊಳಗೆ ಅಡಗಿ ಕುಳಿತಿರುತ್ತದೆ.

ಸರ್ಕಾರ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳುವ ಲೆಕ್ಕವೊಂದಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆದವು. ಒಪ್ಪಿದೆವು, ಇದು ಸಣ್ಣ ಸಾಧನೆಯಲ್ಲ. ಆದರೆ 2018-20ರ ಲೆಕ್ಕದಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸತ್ತರು. ಪಕ್ಕದ ಕೇರಳದಲ್ಲಿ 19. ಎರಡೂ ಕಡೆ ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿರುವಾಗ ಈ ಅಂತರ ಎಲ್ಲಿಂದ ಬಂತು? ಕೇರಳದ ಹೆಂಗಸಿನ ಹಣೆಯ ಮೇಲೆ ಬ್ರಹ್ಮ ಬೇರೆ ಲಿಪಿಯಲ್ಲಿ ಬರೆದನೆ? ಹೆರಿಗೆಯನ್ನು ಆಸ್ಪತ್ರೆಗೆ ತಂದರೆ ಅರ್ಧ ಕೆಲಸವಾಯಿತು. ಕೂಸು ಹುಟ್ಟಿದ ಮೇಲಿನ ಮೊದಲ 24 ಗಂಟೆ, ಮೊದಲ ವಾರ, ಒಟ್ಟು 42 ದಿನ, ಇವುಗಳಲ್ಲಿ ತಾಯಿಯನ್ನು ಕಾಯುವುದು ಉಳಿದರ್ಧ. ಆ ಅರ್ಧವನ್ನು ನಾವು ಅತ್ತೆಯ ತಲೆಗೂ ದೇವರ ತಲೆಗೂ ಕಟ್ಟಿದ್ದೇವೆ.

ಬಾಣಂತಿಯನ್ನು ಕೊಲ್ಲುವ ಶತ್ರುಗಳು ಯಾರೆಂದು ಲೋಕಕ್ಕೆ ಚೆನ್ನಾಗಿ ಗೊತ್ತಿದೆ. ಅವರನ್ನು ಗುರುತಿಸಲು ಡಾಕ್ಟರೇ ಆಗಬೇಕಾಗಿಲ್ಲ. ಕಣ್ಣು ತೆರೆದಿದ್ದರೆ ಸಾಕು.

ಮೊದಲನೆಯವನು ರಕ್ತಸ್ರಾವ. ಕೂಸು ಹುಟ್ಟಿದ ಮೇಲೆ ಗರ್ಭಕೋಶ ಮುಷ್ಟಿಯಂತೆ ಬಿಗಿದುಕೊಂಡು ರಕ್ತನಾಳಗಳ ಬಾಯಿ ಮುಚ್ಚಬೇಕು. ಬಿಗಿಯದೆ ಸಡಿಲಾಗಿದ್ದರೆ, ಒಳಗೆ ಮಾಸಿನ ಚೂರು ಉಳಿದಿದ್ದರೆ, ದಾರಿಯಲ್ಲಿ ಹರಿದಿದ್ದರೆ ರಕ್ತ ನಿಲ್ಲುವುದಿಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಹತ್ತಾರು ಸಾವಿರ ಹೆಂಗಸರು ಹೀಗೆ ಸಾಯುತ್ತಾರೆ. ಒಂದು ಗಂಟೆಯೊಳಗೆ ಬಟ್ಟೆ ಪೂರ್ತಿ ತೊಯ್ದರೆ, ನಿಂಬೆಹಣ್ಣಿನಂಥ ಗಡ್ಡೆಗಳು ಬಿದ್ದರೆ, ತಲೆ ತಿರುಗಿ ಮೈ ತಣ್ಣಗೆ ಬೆವತರೆ, ನಾಡಿ ಓಡತೊಡಗಿದರೆ ಅದು ಕೆಟ್ಟ ರಕ್ತವಲ್ಲ, ಅವಳ ಜೀವ. ಕೂಡಲೇ 108ಕ್ಕೆ ಕರೆ ಮಾಡಿ. ವಾಹನ ಬರುವವರೆಗೆ ಅವಳನ್ನು ಮಲಗಿಸಿ ಬೆಚ್ಚಗೆ ಹೊದಿಸಿ. ಮೂತ್ರ ಹೋಗಲು ಹೇಳಿ. ತುಂಬಿದ ಮೂತ್ರಕೋಶ ಗರ್ಭಕೋಶವನ್ನು ಬಿಗಿಯಗೊಡದು. ಹೊಕ್ಕುಳ ಕೆಳಗೆ ಹೊಟ್ಟೆಯ ಮೇಲಿಂದ ಕೈಯಿಟ್ಟು ಗರ್ಭಕೋಶ ಗಟ್ಟಿಯಾಗುವವರೆಗೆ ತಿಕ್ಕಿ. ಕೂಸನ್ನು ಮೊಲೆಗೆ ಹಿಡಿಸಿ. ಒಳಗೆ ಕೈಯನ್ನಾಗಲಿ ಬಟ್ಟೆಯನ್ನಾಗಲಿ ತುರುಕಬೇಡಿ.

ಎರಡನೆಯವನು ನಂಜು. ಬಾಣಂತಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ, ಚಳಿ ನಡುಕ ಬಂದರೆ, ಕೆಳಹೊಟ್ಟೆ ನೊಂದರೆ, ಸ್ರಾವ ದುರ್ನಾತ ಹೊಡೆದರೆ, ಕೊಯ್ದ ಗಾಯ ಕೆಂಪಾಗಿ ಕೀವು ಸೋರಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. "ಹಾಲು ಇಳಿಯುವ ಜ್ವರ" ಎಂದು ಕಂಬಳಿ ಹೊದಿಸಿ ಕಷಾಯ ಕುಡಿಸಿ ಕೂತವರ ಮನೆಯಲ್ಲಿ ನಂಜು ಮೈಯೆಲ್ಲಾ ಏರುತ್ತದೆ. ಎದೆಯಲ್ಲಿ ಹಾಲು ಕಟ್ಟಿದಾಗ ಮೈ ತುಸು ಬಿಸಿಯಾಗಬಹುದು, ನಿಜ. ಆದರೆ ಯಾವ ಜ್ವರ ಯಾವುದೆಂದು ಹೇಳಬೇಕಾದವರು ಡಾಕ್ಟರು, ನೆರೆಮನೆಯ ಅಜ್ಜಿಯಲ್ಲ.

ಮೂರನೆಯವನು ರಕ್ತದ ಒತ್ತಡ. ಹೆರಿಗೆಯಾದೊಡನೆ ಒತ್ತಡದ ಅಪಾಯ ಮುಗಿಯಿತೆಂದು ಅನೇಕರು ತಿಳಿದಿದ್ದಾರೆ, ಮುಗಿಯುವುದಿಲ್ಲ. ಹೆತ್ತ ಮೇಲೂ, ವಿಶೇಷವಾಗಿ ಮೊದಲ ಕೆಲವು ದಿನಗಳಲ್ಲಿ, ಸೆಳವು ಬರಬಹುದು. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಎದೆಗುಂಡಿಗೆಯ ಕೆಳಗೆ ಹೊಟ್ಟೆ ನೋವು, ಮುಖ ಕೈ ಊದುವುದು ಇದರ ಮುನ್ಸೂಚನೆಗಳು. ಒತ್ತಡ 160ರ ಮೇಲೆ 110 ಮುಟ್ಟಿದರೆ ಒಂದು ಗಳಿಗೆಯೂ ಕಾಯುವಂತಿಲ್ಲ. ಸೆಳವು ಬಂದಾಗ ನಮ್ಮವರು ಗಾಳಿ ಸೋಕಿತೆಂದು ಕೈಗೆ ಕಬ್ಬಿಣ ಕೊಡುತ್ತಾರೆ, ಮೂಗಿಗೆ ಈರುಳ್ಳಿ ಹಿಡಿಯುತ್ತಾರೆ, ಮಂತ್ರದವನಿಗೆ ಹೇಳಿಕಳಿಸುತ್ತಾರೆ. ಮಾಡಬೇಕಾದದ್ದು ಇಷ್ಟು: ಎಡಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ಹಾಕದೆ, ವಾಹನ ಕರೆಯುವುದು. ಆಸ್ಪತ್ರೆಯಲ್ಲಿ ಇದಕ್ಕೆ ಮೆಗ್ನೀಸಿಯಂ ಸಲ್ಫೇಟ್ ಎಂಬ ಮದ್ದಿದೆ. ಅದು ಬಲು ಅಗ್ಗದ ಮದ್ದು. ಅಪಾಯದಲ್ಲಿದ್ದವರಿಗೆ ಮೊದಲೇ ಕೊಟ್ಟರೆ ಸೆಳವಿನ ಸಂಭವ ಅರ್ಧಕ್ಕಿಂತ ಹೆಚ್ಚು ಇಳಿಯುತ್ತದೆಂದು 2002ರಲ್ಲೇ ಸಿದ್ಧವಾಗಿದೆ.

ಇನ್ನು ಒಂದೇ ಕಾಲಿನ ಮೀನಖಂಡ ಊದಿ ನೊಂದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ರಕ್ತ ಹೆಪ್ಪುಗಟ್ಟಿರಬಹುದು. ಅದೂ ತುರ್ತಿನ ಮಾತು. ಮನಸ್ಸಿನ ಬೇನೆಯೂ ಬೇನೆಯೇ. ಎರಡು ವಾರ ಕಳೆದರೂ ಅಳು ನಿಲ್ಲದವಳನ್ನು, ನಿದ್ದೆಯಿಲ್ಲದೆ ಏನೇನೋ ಮಾತಾಡುವವಳನ್ನು, ಕೂಸನ್ನು ಕಂಡರೆ ಬೆದರುವವಳನ್ನು ಬಾಣಂತಿ ಸನ್ನಿಯೆಂದು ಕೋಣೆಯಲ್ಲಿ ಕೂಡಿಹಾಕುವುದು ಪಾಪ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೆ ಇರಿಸಿಕೊಂಡು ಇದಕ್ಕೆ ಚಿಕಿತ್ಸೆ ನಡೆಸುತ್ತಾರೆ. ಅನೇಕರು ಪೂರ್ತಿ ಗುಣವಾಗಿ ಮನೆಗೆ ಬರುತ್ತಾರೆ.

ಇಲ್ಲಿ ಒಬ್ಬರು ಎದ್ದು ಕೇಳುತ್ತಾರೆ: "ನಮ್ಮ ಅಜ್ಜಿ ಹನ್ನೆರಡು ಹೆತ್ತಳು, ಒಂದು ಗುಳಿಗೆ ನುಂಗಲಿಲ್ಲ, ಏನಾಯಿತು?" ಏನೂ ಆಗಲಿಲ್ಲ, ಸಂತೋಷ. ಆದರೆ ಹನ್ನೆರಡು ಹೆತ್ತು ಉಳಿದವಳು ಕಟ್ಟೆಯ ಮೇಲೆ ಕುಳಿತು ಕಥೆ ಹೇಳುತ್ತಾಳೆ. ಎರಡನೆಯದಕ್ಕೇ ಸತ್ತವಳು ಬಂದು ಸಾಕ್ಷಿ ಹೇಳುವುದಿಲ್ಲ. ನಿಮ್ಮ ಅಜ್ಜನಿಗೆ ಎಷ್ಟು ಮದುವೆಯಾಗಿತ್ತು, ಮೊದಲ ಹೆಂಡತಿ ಏನಾದಳು ಎಂದು ಮನೆಯಲ್ಲಿ ಕೇಳಿ ನೋಡಿ.

ಬಾಣಂತನದ ಸಂಪ್ರದಾಯವನ್ನೆಲ್ಲ ಸುಟ್ಟುಹಾಕಬೇಕೆಂದು ನಾವು ಹೇಳುವುದಿಲ್ಲ. ತವರಿನ ವಿಶ್ರಾಂತಿ, ಬಿಸಿನೀರು, ಎಣ್ಣೆ ಸ್ನಾನ, ಅಂಟಿನುಂಡೆ, ಯಾರೂ ಅವಳಿಗೆ ಕೆಲಸ ಹೇಳಬಾರದೆಂಬ ಕಟ್ಟಳೆ, ಇವು ನಮ್ಮ ಹಿರಿಯ ಹೆಂಗಸರ ವಿವೇಕ. ನೀರು ಕೊಡಬಾರದು, ಸೊಪ್ಪು ಹಣ್ಣು ಮುಟ್ಟಿಸಬಾರದು, ಗಾಳಿಯಿಲ್ಲದ ಕತ್ತಲೆ ಕೋಣೆಯಲ್ಲಿ ಕೆಂಡದ ಹೊಗೆಯೊಳಗೆ ಇಡಬೇಕು ಎಂಬುವು ಅವಿವೇಕ. ಹಾಲೂಡಿಸುವವಳಿಗೆ ಬಾಯಾರಿಕೆ ಹೆಚ್ಚು. ಬಾಯಾರಿದಷ್ಟೂ ನೀರು ಕೊಡಬೇಕು. 2019-21ರ ಅದೇ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಮಂದಿಗೆ ರಕ್ತಹೀನತೆ ಇದ್ದಿತು. ಮೊದಲೇ ರಕ್ತ ಕಡಿಮೆಯಿದ್ದವಳು ಸ್ವಲ್ಪ ರಕ್ತ ಹೋದರೂ ತಾಳಲಾರಳು. ಅಂಥವಳ ತಟ್ಟೆಯಿಂದ ಸೊಪ್ಪು ಬೇಳೆ ಕಿತ್ತುಕೊಂಡು ಅನ್ನ ಮೆಣಸಿನ ಸಾರು ಮಾತ್ರ ಬಡಿಸುವುದು ಪಥ್ಯವೆ?

ಇನ್ನು ಕೆಲವು ವಿದ್ಯಾವಂತರು ಸೂಲಗಿತ್ತಿಯರ ಕಡೆ ಬೆರಳು ತೋರಿಸುತ್ತಾರೆ. ಅವರಿಗೆ ಚರಿತ್ರೆಯ ಒಂದು ಪಾಠ ಹೇಳಬೇಕು. 1847ರಲ್ಲಿ ವಿಯನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಸೂಲಗಿತ್ತಿಯರ ವಿಭಾಗಕ್ಕಿಂತ ವೈದ್ಯರ ವಿಭಾಗದಲ್ಲಿ ಬಾಣಂತಿಯರು ನಂಜಿನಿಂದ ಹೆಚ್ಚು ಸಾಯುತ್ತಿದ್ದರು. ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯ ಕಾರಣ ಕಂಡುಹಿಡಿದ: ಹೆಣ ಕೊಯ್ದ ಕೈಯಲ್ಲೇ ವೈದ್ಯರು ಹೆರಿಗೆ ಮಾಡಿಸುತ್ತಿದ್ದರು. ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯಿಸಿದ. ನೂರಕ್ಕೆ ಹತ್ತರ ಸುಮಾರಿದ್ದ ಸಾವು 1848ರಲ್ಲಿ ಎರಡಕ್ಕಿಂತ ಕೆಳಗಿಳಿಯಿತು. ದೊಡ್ಡ ವೈದ್ಯರಿಗೆ ಅವಮಾನವಾಯಿತು. ಸತ್ಯ ಹೇಳಿದವನನ್ನು ಹೊರಗೆ ಹಾಕಿದರು. 1865ರಲ್ಲಿ ಅವನು ಹುಚ್ಚಾಸ್ಪತ್ರೆಯಲ್ಲಿ ಸತ್ತ. ದೊಡ್ಡವರ ತಪ್ಪನ್ನು ತೋರಿಸಿದವನಿಗೆ ಅಂದು ಆದ ಗತಿಯೇ ಇಂದೂ ಆಗುತ್ತದೆ.

ನಮ್ಮ ರಾಜ್ಯದ ಮಾತಿಗೇ ಬರೋಣ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಕಾಯಿಲೆ ಬಿದ್ದರು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ತೀರಿಕೊಂಡರು. ರಕ್ತನಾಳಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಮೇಲೆ ಸಂಶಯ ಬಂತು. ಸರ್ಕಾರ ಅದರ ಬಳಕೆ ನಿಲ್ಲಿಸಿತು, ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಆದರೆ ಆ ದ್ರಾವಣದ ಗುಣದ ಬಗ್ಗೆ ಆ ಸಾವುಗಳಿಗೆ ಮೊದಲೇ ತಗಾದೆಯಿದ್ದಿತು; ರಾಜ್ಯದ ಪ್ರಯೋಗಶಾಲೆ ಒಂದು ಹೇಳಿದರೆ ಕೇಂದ್ರದ ಪ್ರಯೋಗಶಾಲೆ ಇನ್ನೊಂದು ಹೇಳಿತ್ತು. ನಾವು ಕೇಳುತ್ತೇವೆ: ಕಿರಾಣಿ ಅಂಗಡಿಯವನು ಒಂದು ಮೂಟೆ ಬೇಳೆಯಲ್ಲಿ ಹುಳು ಕಂಡರೆ, ಇಬ್ಬರಲ್ಲಿ ಒಬ್ಬ ಚೆನ್ನಾಗಿದೆ ಎಂದನೆಂದು ಅದನ್ನು ಗಿರಾಕಿಗೆ ತೂಗುತ್ತಾನೆಯೇ? ಮೂಟೆಯನ್ನು ಬದಿಗಿಡುತ್ತಾನೆ. ಸಣ್ಣ ವ್ಯಾಪಾರಿಗೆ ಇರುವ ಈ ಬುದ್ಧಿ ಎರಡು ಸರ್ಕಾರಗಳಿಗೆ ಇಲ್ಲದೆ ಹೋಯಿತೆ? ಸಂದೇಹದ ಲಾಭವನ್ನು ಬಾಣಂತಿಗೆ ಕೊಡಬೇಕಿತ್ತು; ಅದು ಸರಬರಾಜುದಾರನಿಗೆ ಸಂದಿತು.

ಆ ಸಾವುಗಳ ನಂತರ ಸರ್ಕಾರ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವುಗಳನ್ನು ಪರಿಶೀಲಿಸಿತು. ನೂರಕ್ಕೆ 70ಕ್ಕೂ ಹೆಚ್ಚು ಸಾವುಗಳನ್ನು ತಪ್ಪಿಸಬಹುದಾಗಿತ್ತೆಂದು 2025ರಲ್ಲಿ ಸರ್ಕಾರವೇ ಒಪ್ಪಿಕೊಂಡಿತು. ಮುನ್ನೂರಕ್ಕೂ ಹೆಚ್ಚು ಮನೆಗಳು! ಈ ಲೆಕ್ಕ ಬಂದ ಮೇಲೂ "ಹಣೆಬರಹ" ಎನ್ನುವವನು ಬ್ರಹ್ಮನ ಮೇಲೆ ಸುಳ್ಳು ಮೊಕದ್ದಮೆ ಹೂಡುತ್ತಿದ್ದಾನೆ.

ತಪ್ಪಿಸುವ ದಾರಿ ದುಬಾರಿಯೂ ಅಲ್ಲ. ಕೂಸು ಹುಟ್ಟಿದ ಕೂಡಲೇ ಕೊಡುವ ಆಕ್ಸಿಟೋಸಿನ್ ಚುಚ್ಚುಮದ್ದು ಗರ್ಭಕೋಶವನ್ನು ಬಿಗಿಸುತ್ತದೆ; ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ವಿದ್ಯುತ್ ಹೋಗಿ ಪೆಟ್ಟಿಗೆ ಬಿಸಿಯಾದರೆ ಮದ್ದು ಸತ್ವ ಕಳೆದುಕೊಳ್ಳುತ್ತದೆ, ಶೀಷೆಯ ಮೇಲೆ ಹೆಸರು ಮಾತ್ರ ಉಳಿಯುತ್ತದೆ. ಟ್ರಾನೆಕ್ಸಾಮಿಕ್ ಆಮ್ಲ ಎಂಬ ಇನ್ನೊಂದು ಮದ್ದನ್ನು ಮೂರು ಗಂಟೆಯೊಳಗೆ ಕೊಟ್ಟರೆ ರಕ್ತ ಹೋಗಿ ಸಾಯುವವರಲ್ಲಿ ಮೂರರಲ್ಲೊಂದು ಪಾಲು ಉಳಿಯುತ್ತಾರೆಂದು 2017ರಲ್ಲಿ 20,000 ಹೆಂಗಸರ ಮೇಲೆ ನಡೆದ ಪರೀಕ್ಷೆ ತೋರಿಸಿತು. ಪ್ರತಿ 15 ನಿಮಿಷದ ತಡಕ್ಕೆ ಅದರ ಗುಣ ನೂರಕ್ಕೆ ಹತ್ತರಷ್ಟು ಇಳಿಯುತ್ತದೆ. ಕಾಗದಕ್ಕೆ ಸಹಿ ಹಾಕಿಸುವ, ಮುಂಗಡ ಕಟ್ಟಿಸುವ, "ಬೇರೆ ಕಡೆ ಒಯ್ಯಿರಿ" ಎನ್ನುವ ಹೊತ್ತು ಎಷ್ಟು ಹದಿನೈದು ನಿಮಿಷಗಳೆಂದು ಎಣಿಸಿ. 2023ರಲ್ಲಿ ಆಫ್ರಿಕಾದ ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳಿಂದ ಇನ್ನೊಂದು ಸುದ್ದಿ ಬಂತು. ಬಾಣಂತಿಯ ಕೆಳಗೆ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಹಾಳೆ ಹಾಸಿ ರಕ್ತವನ್ನು ಅಳೆದು, ಮಿತಿ ಮೀರಿದೊಡನೆ ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೆ ಕೊಟ್ಟರು. ಘೋರ ರಕ್ತಸ್ರಾವದ ಪ್ರಸಂಗಗಳು ನೂರಕ್ಕೆ 60ರಷ್ಟು ಇಳಿದವು. ನಮಗಿಂತ ಶ್ರೀಮಂತರಲ್ಲದ ದೇಶಗಳೂ ಆ ಸಾಲಿನಲ್ಲಿವೆ. ಅವರು ಮಾಡಿದ್ದನ್ನು ಮಾಡಲು ನಮ್ಮ ಆಸ್ಪತ್ರೆಗಳಿಗೆ ಯಾವ ಗ್ರಹ ಅಡ್ಡ ಬಂದಿದೆ?

ಕಾಗದದ ಮೇಲೆ ನಮಗೆ ಹಕ್ಕುಗಳುಂಟು. 2011ರ ಜೂನ್ 1ರಿಂದ ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ಪ್ರಕಾರ ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಪರೀಕ್ಷೆ, ರಕ್ತ, ಊಟ, ಹೋಗಿಬರುವ ವಾಹನ ಎಲ್ಲವೂ ಉಚಿತ. ಸಹಜ ಹೆರಿಗೆಯಾದವಳನ್ನೂ 48 ಗಂಟೆ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬೇಕು. ಮನೆಗೆ ಬಂದ ಮೇಲೆ 3, 7, 14, 21, 28, 42ನೆಯ ದಿನಗಳಲ್ಲಿ ಆಶಾ ಕಾರ್ಯಕರ್ತೆ ಬಂದು ತಾಯಿಯನ್ನೂ ಕೂಸನ್ನೂ ನೋಡಬೇಕು. ಆ ಆಶಾ ತಾಯಂದಿರೇ 2025ರ ಜನವರಿಯಲ್ಲಿ ಗೌರವಧನಕ್ಕಾಗಿ ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಚಳಿಯಲ್ಲಿ ಧರಣಿ ಕೂರಬೇಕಾಯಿತು. ನೂರು ಮನೆಗಳ ಬಾಣಂತಿಯರನ್ನು ಕಾಯುವವಳ ಹೊಟ್ಟೆಯನ್ನು ಕಾಯುವವರಿಲ್ಲ!

ಆದುದರಿಂದ ನಮ್ಮ ಒತ್ತಾಯಗಳು ಇವು:

1. 48 ಗಂಟೆಗೆ ಮುಂಚೆ ಯಾವ ಬಾಣಂತಿಯನ್ನೂ ಮನೆಗೆ ಕಳಿಸಕೂಡದು. ಕಳಿಸುವಾಗ ನಾಡಿ, ಜ್ವರ, ಒತ್ತಡ, ಸ್ರಾವ ನೋಡಿ ತಾಯಿ ಕಾರ್ಡಿನಲ್ಲಿ ಬರೆಯತಕ್ಕದ್ದು. ಅಪಾಯದ ಚಿಹ್ನೆಗಳನ್ನು ಗಂಡನಿಗೂ ಅತ್ತೆಗೂ ಬಾಯಲ್ಲಿ ಹೇಳತಕ್ಕದ್ದು.

2. ಹೆರಿಗೆ ಆಗುವ ಪ್ರತಿಯೊಂದು ಆಸ್ಪತ್ರೆಯಲ್ಲಿ, ಸರ್ಕಾರಿಯಿರಲಿ ಖಾಸಗಿಯಿರಲಿ, ಮೇಲೆ ಹೇಳಿದ ಮದ್ದುಗಳೂ ಅಳತೆಯ ಹಾಳೆಯೂ ಕೆಟ್ಟುಹೋಗದ ಶೀತಪೆಟ್ಟಿಗೆಯೂ ಇರಬೇಕು.

3. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಹಗಲಿರುಳು ರಕ್ತ ಸಿಗಬೇಕು. ಮುಂಗಡ ಹಣ ಕಟ್ಟಲಿಲ್ಲವೆಂದು ತುರ್ತು ಚಿಕಿತ್ಸೆ ನಿಲ್ಲಿಸುವ ನರ್ಸಿಂಗ್ ಹೋಮುಗಳ ಲೈಸೆನ್ಸು ರದ್ದಾಗಬೇಕು.

4. ಸಂಶಯ ಬಂದ ಔಷಧಿಯನ್ನು ತಗಾದೆ ತೀರುವವರೆಗೆ ಬೀಗ ಹಾಕಿ ಇಡಬೇಕು. ಪರೀಕ್ಷೆಯ ವರದಿ ಜನರಿಗೆ ಸಿಗಬೇಕು.

5. ಪ್ರತಿ ಬಾಣಂತಿಯ ಸಾವನ್ನೂ ಕೇರಳದಲ್ಲಿ 2004ರಿಂದ ನಡೆಯುತ್ತಿರುವಂತೆ ಹೆಸರುಗಳನ್ನು ಗುಪ್ತವಾಗಿಟ್ಟು ವಿಚಾರಿಸಬೇಕು. ಒಬ್ಬ ನರ್ಸನ್ನು ಬಲಿ ಕೊಟ್ಟು ಕಡತ ಮುಚ್ಚುವ ಪದ್ಧತಿ ನಿಲ್ಲಬೇಕು.

6. ಆಶಾ ಕಾರ್ಯಕರ್ತೆಯರಿಗೆ ಗೌರವಧನದ ಬದಲು ಸಂಬಳ ಕೊಡಬೇಕು.

ಸರ್ಕಾರ ಕೊಡುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಗಿರಣಿಯ ಸಂಘಗಳು ತಮ್ಮ ಸದಸ್ಯರ ರಕ್ತದ ಗುಂಪುಗಳ ಪಟ್ಟಿಯನ್ನು ಗೋಡೆಗೆ ಅಂಟಿಸಲಿ. ರಾತ್ರಿ ಎರಡಕ್ಕೆ ಕರೆದರೂ ಇಬ್ಬರು ಎದ್ದು ಬರುವಂತಿರಲಿ. ಪೇಟೆಯ ವರ್ತಕರು ಕೇರಿಗೊಂದು ಜ್ವರ ನೋಡುವ ಕಡ್ಡಿ, ತುರ್ತಿಗೊಂದು ಆಟೋ, ಆಡಿಕೊಳ್ಳದೆ ಕೊಡುವ ಸ್ವಲ್ಪ ಕೈಗಡ ಇಷ್ಟನ್ನು ವಹಿಸಿಕೊಳ್ಳಲಿ. ಮಾಲೀಕರು ಬಾಣಂತಿಯ ಗಂಡನಿಗೆ ಕೂಲಿ ಕತ್ತರಿಸದೆ ಕೆಲವು ದಿನ ರಜೆ ಕೊಡಲಿ. ಕೊಡದಿದ್ದರೆ ಸಂಘ ಕೇಳಿ ಪಡೆಯಲಿ.

ಆ ಹಮಾಲನ ಕೂಸು ಉಳಿಯಿತು. ಇಂದು ಶಾಲೆಗೆ ಹೋಗುತ್ತಿದೆ. ದಾರಿಯಲ್ಲಿ ಸಿಕ್ಕಾಗ "ನಮಸ್ಕಾರ ಮೇಷ್ಟ್ರೇ" ಎನ್ನುತ್ತದೆ. ನಮಗೆ ತಲೆಯೆತ್ತಿ ಉತ್ತರ ಕೊಡಲಾಗುವುದಿಲ್ಲ. ಮುಂದೆ ಯಾವ ಪಡಸಾಲೆಯಲ್ಲಿ ಕುಳಿತರೂ, ಯಾರು ಎಷ್ಟು ಮುನಿದರೂ, "ಬಟ್ಟೆ ಎಷ್ಟು ತೊಯ್ದಿದೆ? ಜ್ವರ ಎಷ್ಟಿದೆ? ತಲೆ ನೋಯುತ್ತಿದೆಯೇ?" ಎಂದು ಕೇಳದೆ ನಾವು ಏಳುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದೇವೆ. ನೀವೂ ಕೇಳಿರಿ. ಒಳಮನೆಯ ಮಾತೆಂದು ಯಾರಾದರೂ ಬಾಯಿ ಮುಚ್ಚಿಸಬಂದರೆ, ಸಾವು ಒಳಮನೆಯಿಂದಲೇ ಹೊರಡುತ್ತದೆಂದು ಹೇಳಿರಿ.